ಎಮ್ಮೆ ಕರೆಯುತ್ತಿದ್ದ ಮಾವ, ಜೋನಿಬೆಲ್ಲ ಮೆತ್ತಿದ ಬೆರಳು: ಆಸ್ಪತ್ರೆಗೆ ಹೋಗಿದ್ದು ಬೇಕಿತ್ತಾ?

ತೋಟದಮನೆ ಸೊಸೆ

ಎಲ್ಲರಿಗೂ ನಮಸ್ಕಾರ. ಹೋದ ಏಕಾದಶಿ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕೊನೆಯಲ್ಲಿ ಒಂದು ಪ್ರಶ್ನೆಯೂ ಇದೆ.

ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ನಡುವೆ ಒಂದು ಸಂಕ (ಹಳ್ಳ ದಾಟುವ ಸಣ್ಣ ಸೇತುವೆ). ಮಾವನಿಗೆ 71 ವರ್ಷ. ಶುಗರ್, ಬಿಪಿ ಎರಡೂ ಇದೆ. ಅವತ್ತು ಉಪವಾಸ. ಆದರೆ ಬೆಳಿಗ್ಗೆಯ ಶುಗರ್ ಮಾತ್ರೆ ತಪ್ಪಿಸಲಿಲ್ಲ. "ಮಾತ್ರೆ ಊಟ ಅಲ್ಲವಲ್ಲ" ಅನ್ನುವುದು ಅವರ ವಾದ.

ಹನ್ನೊಂದು ಗಂಟೆ ಹೊತ್ತಿಗೆ ಅಂಗಳದಲ್ಲಿ ನಿಂತು ಎಮ್ಮೆಯನ್ನು ಕೂಗಿ ಕರೆಯತೊಡಗಿದರು. ನಮ್ಮಲ್ಲಿ ಎಮ್ಮೆ ಇದ್ದದ್ದು ಇಪ್ಪತ್ತು ವರ್ಷದ ಹಿಂದೆ! ಮೊದಲು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಬನಿಯನ್ ಪೂರ್ತಿ ಒದ್ದೆ, ಬೆವರು. ನನ್ನನ್ನು ಅವರ ತಂಗಿಯ ಹೆಸರು ಹಿಡಿದು ಬೈದರು. ಆಮೇಲೆ ಜಗಲಿಯಲ್ಲಿ ಕೂತವರು ಹಾಗೇ ವಾಲಿಕೊಂಡರು.

ಅಕ್ಕಪಕ್ಕದವರು ಓಡಿ ಬಂದರು. ಒಬ್ಬರು ಪಿತ್ತ ಅಂದರು, ಒಬ್ಬರು ಗಾಳಿ ಸೋಕಿದೆ ಅಂದರು. ಅತ್ತೆ ಜೋನಿಬೆಲ್ಲ (ನೀರಾಗಿರುವ ಬೆಲ್ಲ) ತಂದು ಬಾಯಿಗೆ ಹಾಕಿದರು. ಮಾವ ಕೆಮ್ಮಿದರು, ಅರ್ಧ ಗದ್ದದ ಮೇಲೆ ಇಳಿಯಿತು, ಅದನ್ನು ಕೈಯಲ್ಲಿ ಒರೆಸಿಕೊಂಡರು. ನಾನು 108ಕ್ಕೆ ಫೋನ್ ಮಾಡಿದೆ. ಮೈದುನ ಬೈಕ್ ತೆಗೆದುಕೊಂಡು ಮೇನ್ ರೋಡಿಗೆ ಹೋಗಿ ನಿಂತ. ಗಾಡಿ ಸಂಕದ ಆಚೆಯೇ ನಿಂತಿತು. ಅದರಲ್ಲಿದ್ದ ಇಬ್ಬರು ಬ್ಯಾಗು, ಸ್ಟ್ರೆಚರ್ ಹಿಡಿದು ನಡೆದೇ ಬಂದರು.

ಬಂದವರು ಮೊದಲು ಮಾವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದರು. ಉಸಿರು ನೋಡಿದರು. ಆಮೇಲೆ ಬೆರಳಿಗೆ ಚುಚ್ಚಿದರು. ಮಿಷನ್‌ನಲ್ಲಿ 212 ಬಂತು. "ಓ, ಶುಗರ್ ಜಾಸ್ತಿಯಾಗಿದೆ" ಅಂತ ಎಲ್ಲರೂ ಅಂದೆವು. ಚುಚ್ಚಿದ ಆಂಬುಲೆನ್ಸ್ ಹುಡುಗ ಮಾತಾಡಲಿಲ್ಲ. ಮಾವನ ಕೈ ಎತ್ತಿ ನೋಡಿದ, ಮೂಸಿದ. "ಒಂದು ಚೊಂಬು ನೀರು ಕೊಡಿ ಅಕ್ಕ" ಅಂದ. ಇನ್ನೊಂದು ಕೈ ತೊಳೆದು, ಒರೆಸಿ ಒಣಗಿಸಿ, ಬೇರೆ ಬೆರಳಿಗೆ ಚುಚ್ಚಿದ. 34. ಶುಗರ್ ತೀರಾ ಇಳಿದಿತ್ತು.

ಕೈಗೆ ಸೂಜಿ ಹಾಕಿ ಗ್ಲೂಕೋಸ್ ಕೊಟ್ಟ. ಐದು ನಿಮಿಷ ಆಗಿರಬೇಕು, ಮಾವ ಕಣ್ಣು ಬಿಟ್ಟು "ಏನಿದು, ಇಷ್ಟೊಂದು ಜನ?" ಅಂದರು. ಅಷ್ಟೇ. ಏನೂ ಆಗದವರ ಹಾಗೆ ಎದ್ದು ಕೂತರು.

ಜಗಳ ಶುರುವಾದದ್ದು ಆಮೇಲೆ. ಮಾವ ಆಸ್ಪತ್ರೆಗೆ ಬರುವುದಿಲ್ಲ ಅಂದರು. ಆ ಹುಡುಗ ಬಿಡಲಿಲ್ಲ. ನಾನೂ ಅವನ ಕಡೆಗೇ ನಿಂತೆ. ಕೊನೆಗೆ ಹೋದರು, ಒಂದು ದಿನ ಇಟ್ಟುಕೊಂಡು ಕಳಿಸಿದರು. ಈಗ ನೆಂಟರೆಲ್ಲ "ಸರಿಯಾದವರನ್ನು ಸುಮ್ನೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು" ಅಂತ ನನ್ನ ಮೇಲೆ. ನಿಜ ಹೇಳಿ, ಹೋಗಿದ್ದು ಬೇಕಿತ್ತಾ?

ಸೈರನ್

ಬೇಕಿತ್ತು ಅಕ್ಕ. ನಾನು ಹನ್ನೊಂದು ವರ್ಷದಿಂದ ಆಂಬುಲೆನ್ಸಿನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಕೊಡುವವನ) ಕೆಲಸ ಮಾಡುತ್ತಿದ್ದೇನೆ. ಆ ಹುಡುಗ ಯಾರೋ ಗೊತ್ತಿಲ್ಲ, ಆದರೆ ಕೈ ಮೂಸಿದ್ದಕ್ಕೆ ಅವನಿಗೊಂದು ಶಭಾಷ್. ಬೆಲ್ಲ, ಬಾಳೆಹಣ್ಣು ಮೆತ್ತಿದ ಬೆರಳಿಗೆ ಚುಚ್ಚಿದರೆ ರಕ್ತದ ಜೊತೆ ಅದೂ ಸ್ಟ್ರಿಪ್ಪಿಗೆ ಹೋಗುತ್ತದೆ. ಮಿಷನ್‌ಗೆ ರಕ್ತದ ಸಕ್ಕರೆ ಯಾವುದು, ಜೋನಿಬೆಲ್ಲ ಯಾವುದು ಅಂತ ಗೊತ್ತಾಗಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಒರೆಸಿದರೂ ಪೂರ್ತಿ ಹೋಗುವುದಿಲ್ಲ. ನೀರೇ ಬೇಕು. 212 ಅಂತ ನಂಬಿ ಗಾಡಿಗೆ ಹಾಕಿಕೊಂಡು ಹೊರಟಿದ್ದರೆ ದಾರಿಯುದ್ದಕ್ಕೂ ಮೆದುಳು ಸಕ್ಕರೆ ಇಲ್ಲದೆ ಒದ್ದಾಡುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಮಾವ ತಗೊಳ್ಳುವ ಮಾತ್ರೆ ಯಾವುದು? ಶೀಟಿನ ಹಿಂದೆ ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಅಂತ ಇದೆಯಾ ನೋಡಿ.

ತೋಟದಮನೆ ಸೊಸೆ

ಗ್ಲಿಮೆಪಿರೈಡ್ ಮತ್ತೆ ಮೆಟ್‌ಫಾರ್ಮಿನ್, ಎರಡೂ ಸೇರಿರುವ ಮಾತ್ರೆ.

ಸೈರನ್

ಅಲ್ಲೇ ಇದೆ ನೋಡಿ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಇಷ್ಟು ಕೆಳಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಜಾತಿಯದು ಹಾಗಲ್ಲ. ನೀವು ಊಟ ಮಾಡಿ, ಬಿಡಿ, ಅದು ಮೇದೋಜ್ಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಗೆ ಹಾಕಿಸುತ್ತಲೇ ಇರುತ್ತದೆ. ಒಂದು ಮಾತ್ರೆಯ ಕೆಲಸ ಸುಮಾರು ಒಂದು ದಿನ. ವಯಸ್ಸಾಗಿ ಕಿಡ್ನಿ ಸ್ವಲ್ಪ ಸೋತಿದ್ದರೆ ಇನ್ನೂ ಜಾಸ್ತಿ. ನಾವು ಕೈಗೆ ಕೊಡುವ ಗ್ಲೂಕೋಸ್ ಒಂದೆರಡು ಗಂಟೆಯೊಳಗೆ ಕರಗಿಹೋಗುತ್ತದೆ. ಮಾತ್ರೆ ಒಳಗೆ ಕೂತೇ ಇರುತ್ತದೆ. ಹಾಗಾಗಿ ಮಧ್ಯಾಹ್ನ ಎದ್ದು ಕೂತವರು ರಾತ್ರಿ ನಿದ್ದೆಯಲ್ಲಿ ಮತ್ತೆ ಬೀಳಬಹುದು. ನಿದ್ದೆಯಲ್ಲಿ ಬಿದ್ದರೆ ನಿಮಗೆ ಗೊತ್ತಾಗುವುದು ಬೆಳಿಗ್ಗೆ.

ಇನ್ಸುಲಿನ್ ತಗೊಂಡು ಊಟ ತಡವಾಗಿ ಬಿದ್ದವರ ಕಥೆ ಸ್ವಲ್ಪ ಬೇರೆ, ಅವರಲ್ಲಿ ಕೆಲವರು ಬೇಗ ಸುಧಾರಿಸುತ್ತಾರೆ. ಈ ಮಾತ್ರೆಯವರನ್ನು ಮಾತ್ರ ನಾನು ಬಿಟ್ಟು ಬರುವುದಿಲ್ಲ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಹಾಳೆ ಇದ್ದರೆ ರಾತ್ರಿಯ ಶುಗರ್ ಎಷ್ಟಿತ್ತು ನೋಡಿ. ಬೆಟ್ ಕಟ್ಟುತ್ತೇನೆ.

ಹಳೇ ಸ್ಕೂಟರ್

ಎಲ್ಲ ಸರಿ ಸ್ವಾಮಿ. ಆದರೆ ನನ್ನದೊಂದು ತಕರಾರು. ಆಂಬುಲೆನ್ಸ್ ಬರುವುದು ಯಾಕೆ? ಬೇಗ ಆಸ್ಪತ್ರೆಗೆ ಸೇರಿಸುವುದಕ್ಕೆ. ಇವರು ಬಂದು ಅಂಗಳದಲ್ಲಿ ಕೈ ತೊಳೆಯುವುದು, ಚುಚ್ಚುವುದು, ಬರೆಯುವುದು. ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ನಮ್ಮ ಭಾವಮೈದುನನಿಗೆ ಲಕ್ವ ಹೊಡೆದಾಗ ನಾವು ಯಾರಿಗೂ ಕಾಯಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು.

ಸೈರನ್

ಸರ್, ಅರ್ಧ ಒಪ್ಪುತ್ತೇನೆ. ಲಕ್ವ, ತಲೆಗೆ ಪೆಟ್ಟು, ಒಳಗೆ ರಕ್ತಸ್ರಾವ ಇಂಥದ್ದರಲ್ಲಿ ಅಂಗಳದಲ್ಲಿ ನಾವು ಮಾಡುವುದು ಬಹಳ ಕಡಿಮೆ. ಉಸಿರಿನ ದಾರಿ ನೋಡು, ಗಾಡಿಗೆ ಹಾಕು, ಹೊರಡು. ಉಳಿದದ್ದೆಲ್ಲ ಚಕ್ರ ತಿರುಗುವಾಗ. ಆದರೆ ಶುಗರ್ ಇಳಿದವರಿಗೆ ಔಷಧಿ ನಮ್ಮ ಬ್ಯಾಗಿನಲ್ಲೇ ಇದೆ. ಅದನ್ನು ಕೊಡದೆ ನಲವತ್ತು ಕಿಲೋಮೀಟರ್ ಓಡಿಸುವುದು ಯಾವ ನ್ಯಾಯ? ಫಿಟ್ಸ್ ನಿಲ್ಲದವರಿಗೂ ಹಾಗೆಯೇ, ಬಿಸಿಲು ಬಡಿದವರಿಗೂ ಹಾಗೆಯೇ.

ಇನ್ನೊಂದು ಮಾತು. ಶುಗರ್ ಇಳಿದರೆ ಕೆಲವರಿಗೆ ಥೇಟ್ ಲಕ್ವದ ಹಾಗೆಯೇ ಒಂದು ಕೈ ಸೋಲುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಹಾಗಾಗಿ ಲಕ್ವ ಅನ್ನಿಸಿದರೂ ಒಂದು ಬೆರಳು ಚುಚ್ಚುತ್ತೇವೆ. ಅರ್ಧ ನಿಮಿಷದ ಕೆಲಸ.

ಕಾರಿನ ವಿಷಯ. 108ರವರು ನಲವತ್ತು ನಿಮಿಷ ಆಗುತ್ತೆ ಅಂದರೆ, ಆಸ್ಪತ್ರೆ ಹದಿನೈದು ನಿಮಿಷ ದೂರ ಇದ್ದರೆ, ಹೋಗಿ. ನಾನೇ ಹೇಳುತ್ತೇನೆ ಹೋಗಿ ಅಂತ. ಆದರೆ ಎಚ್ಚರ ಇಲ್ಲದವರನ್ನು ಕೂರಿಸಬೇಡಿ. ಕೂರಿಸಿದರೆ ಗದ್ದ ಎದೆಗೆ ಬಾಗುತ್ತದೆ, ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ. ಗೊರಕೆ ಥರ ಸದ್ದು ಬರುತ್ತೆ ನೋಡಿ, "ಪಾಪ, ನಿದ್ದೆ ಮಾಡ್ತಿದ್ದಾರೆ" ಅಂತಾರೆ ಜನ. ಅದು ನಿದ್ದೆ ಅಲ್ಲ ಸರ್, ಉಸಿರು ಕಟ್ಟುತ್ತಿರುವ ಸದ್ದು. ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲಿ ಕೂತು ಗದ್ದ ಎತ್ತಿ ಹಿಡಿದಿರಲಿ. ಬಿದ್ದು ಕುತ್ತಿಗೆಗೆ ಪೆಟ್ಟಾಗಿರಬಹುದು ಅನ್ನಿಸಿದರೆ ಮಾತ್ರ ಕಾಯುವುದು ಒಳ್ಳೆಯದು.

ನೈಟ್‌ಡ್ಯೂಟಿ ಅಕ್ಕ

ನಾನು ಕರಾವಳಿಯಲ್ಲಿ ಕ್ಯಾಶುವಾಲ್ಟಿ (ತುರ್ತು ವಿಭಾಗದ) ನರ್ಸ್. ಹಳೇ ಸ್ಕೂಟರ್ ಸರ್ ಲಕ್ವ ಅಂದದ್ದಕ್ಕೆ ಹೇಳುತ್ತೇನೆ. ರೋಗಿಯನ್ನು ತಂದವರಿಗೆ ನಮ್ಮ ಮೊದಲ ಪ್ರಶ್ನೆ "ಏನಾಯ್ತು" ಅಲ್ಲ. "ಕೊನೇ ಸಲ ಸರಿ ಇದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ?" ಅಂತ.

ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಜನ "ಬೆಳಿಗ್ಗೆ ಆರಕ್ಕೆ ಆಯ್ತು" ಅಂತಾರೆ. ಬಿಡಿಸಿ ಕೇಳಿದರೆ ಆರಕ್ಕೆ ಆದದ್ದಲ್ಲ, ಆರಕ್ಕೆ ನೋಡಿದ್ದು. ರಾತ್ರಿ ಹತ್ತಕ್ಕೆ ಮಲಗುವಾಗ ಸರಿ ಇದ್ದರು. ಲೆಕ್ಕ ಹತ್ತರಿಂದ ಶುರು. ನಡುರಾತ್ರಿ ಬಾತ್‌ರೂಮಿಗೆ ಎದ್ದಾಗ ಹೆಂಡತಿ ಜೊತೆ ಸರಿಯಾಗಿ ಮಾತಾಡಿದ್ದರೆ ಅದು ನಮಗೆ ಚಿನ್ನದಂಥ ಮಾಹಿತಿ. ಆದರೆ ಆ ಹೆಂಡತಿಯನ್ನೇ ಮನೆಯಲ್ಲಿ ಬಿಟ್ಟು, ಊರಿನ ನಾಲ್ಕು ಗಂಡಸರು ಗಾಡಿ ಹತ್ತಿ ಬಂದಿರುತ್ತಾರೆ! ಅವರಿಗೆ ಏನೂ ಗೊತ್ತಿರುವುದಿಲ್ಲ. ದಯವಿಟ್ಟು ಮನೆಯಲ್ಲಿ ನೋಡಿದವರನ್ನು ಕಳಿಸಿ. ಇಲ್ಲ ಅಂದರೆ ಅವರ ಫೋನ್ ನಂಬರಾದರೂ ಆಂಬುಲೆನ್ಸಿನವರಿಗೆ ಕೊಡಿ.

ಸಿಟಿ ಸ್ಕ್ಯಾನ್ ಇಲ್ಲದ ಕಡೆ ಹೋಗಿ ಎರಡು ಗಂಟೆ ಕಳೆಯಬೇಡಿ. ನಾಲಿಗೆ ಕೆಳಗೆ ಬಿಪಿ ಮಾತ್ರೆ ಇಡಬೇಡಿ. ಆಸ್ಪಿರಿನ್ ಕೂಡ ಬೇಡ, ಸ್ಕ್ಯಾನ್ ಆಗುವ ತನಕ ಅದು ಹೆಪ್ಪೋ ರಕ್ತಸ್ರಾವವೋ ಯಾರಿಗೂ ಗೊತ್ತಿರುವುದಿಲ್ಲ.

ಹಳೇ ಸ್ಕೂಟರ್

ನಮ್ಮ ಭಾವಮೈದುನನನ್ನು ಮೂರು ಕಡೆ ಸುತ್ತಿಸಿದೆವು. ಮೂರನೇ ಕಡೆ ಸ್ಕ್ಯಾನ್ ಸಿಕ್ಕಿತು. ಅಷ್ಟರಲ್ಲಿ ಮಧ್ಯಾಹ್ನ. ಎಡಗೈ ಇವತ್ತಿಗೂ ಸ್ವಾಧೀನ ಇಲ್ಲ. ಅದಕ್ಕೇ ನನಗೆ ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ.

ತೋಟದಮನೆ ಸೊಸೆ

ಸೈರನ್ ಅಣ್ಣಾ, ಹಾಳೆ ತೆಗೆದು ನೋಡಿದೆ. ರಾತ್ರಿ ಎರಡು ಗಂಟೆಗೆ 52 ಅಂತ ಬರೆದಿದ್ದಾರೆ. ಮತ್ತೆ ಗ್ಲೂಕೋಸ್ ಹಾಕಿದ್ದಾರೆ. ನಮಗೆ ಯಾರೂ ಹೇಳೇ ಇರಲಿಲ್ಲ. ಈಗ ಆ ಹಾಳೆಯ ಫೋಟೋ ತೆಗೆದು ನೆಂಟರ ಗ್ರೂಪಿಗೆ ಹಾಕಿದ್ದೇನೆ. ಯಾರೂ ತುಟಿ ಬಿಚ್ಚಿಲ್ಲ.

ಬಯಲುಸೀಮೆ

ಅಕ್ಕಾರ, ಚಲೋ ಮಾಡಿದ್ರಿ. ನಮ್ಮದು ರಾಯಚೂರು ಕಡೆ. ಇಲ್ಲಿ ಮೇ ತಿಂಗಳಲ್ಲಿ ಏನೇನೋ ಮಾತಾಡಿ ಬಿದ್ದರೆ ಮೊದಲ ಅನುಮಾನ ಬಿಸಿಲ ಮೇಲೆ. ಎರಡು ವರ್ಷದ ಹಿಂದೆ ಹೊಲದಲ್ಲಿ ಒಬ್ಬ ಆಳು ಮಗ ಹಂಗೇ ಮಾಡಿದ. ಅಂಗಿ ಕಳೆದು ಒಗೆದ, ಬಡಬಡಿಸಿದ, ಬಿದ್ದ. ಮೈ ಮುಟ್ಟಿದರೆ ಹೆಂಚು ಮುಟ್ಟಿದ ಹಾಗೆ. ಜ್ವರ ಅಂತ ಯಾರೋ ಗುಳಿಗೆ ಹುಡುಕುತ್ತಿದ್ದರು. ಆಂಬುಲೆನ್ಸಿನವರು ಬಂದು ಬೇವಿನ ಮರದ ನೆರಳಿಗೆ ಎಳೆದು, ಬೆಳೆಗೆ ಔಷಧಿ ಹೊಡೆಯುವುದಕ್ಕೆ ತುಂಬಿಟ್ಟಿದ್ದ ಬ್ಯಾರಲ್ಲಿನ ನೀರು ಸುರಿಸಿದರು. ಇಬ್ಬರು ಟವೆಲ್ಲಿನಿಂದ ಗಾಳಿ ಬೀಸಿದೆವು. ಗಾಡಿಯೊಳಗೂ ಹಸಿ ಬಟ್ಟೆ ಹೊದಿಸಿಯೇ ಒಯ್ದರು. ಉಳಿದ.

ಒಂದು ಡೌಟು. ಅವರು ನೀರು ಸುರಿಯುವ ಮೊದಲು ಬ್ಯಾರಲ್ಲಿಗೆ ಔಷಧಿ ಬೆರೆಸಿದ್ದೀರಾ ಅಂತ ಮೂರು ಸಲ ಕೇಳಿದರು. ಕಣ್ಣು ತೆರೆದು ಟಾರ್ಚ್ ಬಿಟ್ಟರು. ಅದ್ಯಾಕೆ?

ಸೈರನ್

ಒಳ್ಳೇ ಜನ ಸಿಕ್ಕಿದ್ದರು ನಿಮಗೆ. ಬಿಸಿಲು ಬಡಿದರೆ ಮೈ 40 ಡಿಗ್ರಿ ದಾಟುತ್ತದೆ, ಬುದ್ಧಿ ಕೆಡುತ್ತದೆ. ಅದು ಜ್ವರ ಅಲ್ಲ, ಜ್ವರದ ಗುಳಿಗೆ ಕೆಲಸ ಮಾಡುವುದಿಲ್ಲ. ತಣ್ಣಗೆ ಮಾಡುವುದೇ ಔಷಧಿ, ಅದೂ ಬಿದ್ದ ಜಾಗದಲ್ಲೇ.

ಬ್ಯಾರಲ್ ಕೇಳಿದ್ದಕ್ಕೆ ಕಾರಣ ಇದೆ. ಹೊಲದಲ್ಲಿ ಬಿದ್ದವರ ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಚಿಕ್ಕದಾಗಿದ್ದರೆ, ಬಾಯಲ್ಲಿ ಜೊಲ್ಲು ನೊರೆ ಇದ್ದರೆ, ಬಟ್ಟೆಯಲ್ಲಿ ಬೆಳ್ಳುಳ್ಳಿಯಂಥ ಘಾಟು ಇದ್ದರೆ ಅದು ಬೆಳೆಗೆ ಹೊಡೆಯುವ ಔಷಧಿಯ ವಿಷ. ಕುಡಿದೇ ಇರಬೇಕು ಅಂತಿಲ್ಲ, ಗಾಳಿಗೆ ಎದುರಾಗಿ ಹೊಡೆದರೂ ಚರ್ಮದಿಂದ ಒಳಗೆ ಹೋಗುತ್ತದೆ. ಆಗ ಬಟ್ಟೆ ಬಿಚ್ಚಿ, ಗ್ಲೌಸ್ ಹಾಕಿಕೊಂಡು ಮೈ ತೊಳೆಯಬೇಕು. ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ. ಡಬ್ಬಿ ಮಾತ್ರ ಮರೆಯದೆ ಜೊತೆಗೆ ತನ್ನಿ.

ಹಳೇ ಸ್ಕೂಟರ್

ಫಿಟ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ, ಬಸ್ ಸ್ಟಾಂಡಿನಲ್ಲಿ ಹುಡುಗನಿಗೆ ಬೀಗದಕೈ ಹಿಡಿಸಿದರು, ಒಂದೇ ನಿಮಿಷದಲ್ಲಿ ನಿಂತಿತು.

ನೈಟ್‌ಡ್ಯೂಟಿ ಅಕ್ಕ

ಸರ್, ಬೀಗದಕೈ ಬದಲು ಬೆಂಡೆಕಾಯಿ ಹಿಡಿಸಿದ್ದರೂ ನಿಲ್ಲುತ್ತಿತ್ತು. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತವೆ. ಜನ ಸೇರಿ, ಕೀ ಹುಡುಕಿ, ಬೆರಳು ಬಿಡಿಸಿ ಹಿಡಿಸುವುದಕ್ಕೆ ಅಷ್ಟೇ ಹೊತ್ತು ಬೇಕು. ಹೆಸರು ಬಂದದ್ದು ಕೀಗೆ. ನೀವು ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ನಿಂತು ಎಚ್ಚರ ಬರುವ ಮೊದಲೇ ಮತ್ತೆ ಬಂದರೆ, ಅದು ತುರ್ತು. ಬಾಯಿಗೆ ಚಮಚ ತುರುಕಬೇಡಿ, ಹಲ್ಲು ಮುರಿದವರನ್ನು ನೋಡಿದ್ದೇನೆ. ನಿಂತ ಮೇಲೆ ಮಗ್ಗುಲಾಗಿಸಿ.

ಮೂರನೇ ಮಹಡಿ

ಬೆಂಗಳೂರಿನಿಂದ ಒಂದು ಅನುಭವ. ಚಿಕ್ಕಮ್ಮನ ಮಗಳು ಸ್ನಾನಕ್ಕೆ ಹೋದವಳು ಬರಲಿಲ್ಲ. ಬಾಗಿಲು ಒಡೆದು ನೋಡಿದರೆ ಕೆಳಗೆ ಬಿದ್ದಿದ್ದಾಳೆ. ಕೂಗಿದರೆ ಹ್ಞಾಂ ಅನ್ನುತ್ತಾಳೆ, ಅಷ್ಟೇ. ಲೋ ಬಿಪಿ ಅಂದುಕೊಂಡೆವು. ಆಂಬುಲೆನ್ಸಿನವರು ಒಳಗೆ ಬಂದು ಕೇಳಿದ ಮೊದಲ ಮಾತು "ಗೀಸರ್ ಗ್ಯಾಸಿಂದಾ, ಕರೆಂಟಿಂದಾ?" ಗ್ಯಾಸ್ ಅಂದ ತಕ್ಷಣ ಅವಳನ್ನು ಬಾಲ್ಕನಿಗೆ ತಂದರು. ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಆಕ್ಸಿಜನ್ 98 ತೋರಿಸುತ್ತಿತ್ತು. ಆದರೂ ಮಾಸ್ಕ್ ಹಾಕಿ ಆಕ್ಸಿಜನ್ ಪೂರ್ತಿ ಬಿಟ್ಟರು. ನಾನು "98 ಇದೆಯಲ್ಲ" ಅಂದೆ. "ಅದು ಸುಳ್ಳು ಹೇಳ್ತಿದೆ ಸರ್" ಅಂದರು.

ಆಮೇಲೆ ತಿಳಿಯಿತು. ಗಾಳಿ ಆಡದ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದು ಆಕ್ಸಿಜನ್‌ಗಿಂತ ಇನ್ನೂರು ಪಟ್ಟು ಜಾಸ್ತಿ ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಆ ಕ್ಲಿಪ್ಪಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಲೆನಾಡಿನವರು ಚಳಿಗೆ ಕೋಣೆ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಿದರೂ ಇದೇ.

ತೋಟದಮನೆ ಸೊಸೆ

ಅಯ್ಯೋ, ಬಾಣಂತಿ ಕೋಣೆಯಲ್ಲಿ ನಾವು ಅದನ್ನೇ ಮಾಡುತ್ತೇವಲ್ಲ!

ಸೈರನ್

ಕಿಟಕಿ ತೆಗೆದಿಡಿ ಅಕ್ಕ.

ಮೂರನೇ ಮಹಡಿ ಸರ್ ಹೇಳಿದ್ದೇ ನಮ್ಮ ಕೆಲಸದ ಅರ್ಧ ಭಾಗ. ರೋಗಿಯನ್ನು ಆಸ್ಪತ್ರೆಯಲ್ಲಿ ಡಾಕ್ಟರು ನೋಡುತ್ತಾರೆ. ಮನೆಯನ್ನು ನೋಡುವುದು ನಾವು ಮಾತ್ರ. ಮಂಚದ ಕೆಳಗಿನ ಬಾಟಲಿ, ಟಿವಿ ಮೇಲಿನ ಮಾತ್ರೆ ಶೀಟು, ಗೀಸರ್, ಕೆಂಡ. ಅದನ್ನು ನಾವು ಹೇಳದಿದ್ದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನನ್ನದೂ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ರಾತ್ರಿ, ಒಂದು ಬಾರ್ ಪಕ್ಕದ ಚರಂಡಿ ಕಟ್ಟೆ. ನಲವತ್ತು ವಯಸ್ಸಿನವನು ಬಿದ್ದಿದ್ದ. ಹೆಂಡದ ವಾಸನೆ ಹತ್ತು ಅಡಿ ದೂರಕ್ಕೆ ಬರುತ್ತಿತ್ತು. ಸುತ್ತ ನಿಂತವರು "ದಿನಾ ಇದೇ ಗೋಳು" ಅಂದರು. ನಾನೂ ನಂಬಿದೆ. ಗಾಡಿಗೆ ಹಾಕಿಕೊಂಡು, ಬೆರಳು ಚುಚ್ಚದೆ, ಆಸ್ಪತ್ರೆಯಲ್ಲಿ "ಕುಡಿದಿದ್ದಾನೆ" ಅಂತ ಬರೆಸಿ ಬಂದೆ. ಅಲ್ಲಿನ ನರ್ಸ್ ಚುಚ್ಚಿದರು. ಶುಗರ್ 29. ಊಟ ಬಿಟ್ಟು ಕುಡಿಯುವವರಿಗೆ ಸಕ್ಕರೆ ಇಳಿಯುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವನು! ಆ ನರ್ಸ್ ನನಗೆ ಬೈಯಲಿಲ್ಲ. ಮಿಷನ್ ನನ್ನ ಕಡೆ ತಿರುಗಿಸಿ ತೋರಿಸಿದರು, ಅಷ್ಟೇ. ಅದಾದ ಮೇಲೆ ವಾಸನೆ ಬಂದರೂ ಚುಚ್ಚುತ್ತೇನೆ, ತಲೆಯ ಹಿಂದೆ ಕೈಯಾಡಿಸಿ ಗಾಯ ಹುಡುಕುತ್ತೇನೆ. ಕುಡಿದವನೂ ಬೀಳುತ್ತಾನೆ, ತಲೆ ಒಡೆದುಕೊಳ್ಳುತ್ತಾನೆ.

ನೈಟ್‌ಡ್ಯೂಟಿ ಅಕ್ಕ

ನಾವೂ ತಪ್ಪು ಮಾಡುತ್ತೇವೆ ಬಿಡಿ. ಒಂದು ಮಳೆಗಾಲ ಬೆಳಗಿನ ಜಾವ ಹದಿನಾರರ ಹುಡುಗಿಯನ್ನು ತಂದರು. ರಾತ್ರಿ ನೆಲದ ಮೇಲೆ ಮಲಗಿದ್ದಳು. ಹೊಟ್ಟೆನೋವು ಅಂತ ಎದ್ದಳಂತೆ, ಆಮೇಲೆ ರೆಪ್ಪೆ ಎತ್ತಲಾಗಲಿಲ್ಲ, ಮಾತು ನಿಂತಿತು. ಮನೆಯವರು ಪರೀಕ್ಷೆಯ ಟೆನ್ಷನ್ ಅಂದರು. ನನ್ನ ಜೊತೆಯವಳೂ "ನಾಟಕ ಇರಬೇಕು" ಅಂದಳು, ಹುಡುಗಿಯ ಪಕ್ಕದಲ್ಲೇ ನಿಂತು. ಡಾಕ್ಟರು ಬಂದು ಅವಳ ರೆಪ್ಪೆಯನ್ನು ಕೈಯಿಂದ ಎತ್ತಿ, "ಕೇಳಿಸಿದರೆ ಕಾಲಿನ ಬೆರಳು ಅಲ್ಲಾಡಿಸು" ಅಂದರು. ಹೆಬ್ಬೆರಳು ಸಣ್ಣಗೆ ಅಲ್ಲಾಡಿತು.

ಕಟ್ಟುಹಾವು ಕಚ್ಚಿತ್ತು. ಕಚ್ಚಿದ ಗುರುತು ಕಾಣುವುದೂ ಕಷ್ಟ, ನೋವೂ ಇರುವುದಿಲ್ಲ. ಅದರ ವಿಷ ಸ್ನಾಯುಗಳನ್ನು ಸೋಲಿಸುತ್ತದೆ, ಉಸಿರಾಟವನ್ನೂ. ಎಚ್ಚರ ಹೋಗಿರುವುದಿಲ್ಲ. ವೆಂಟಿಲೇಟರ್, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ಐದಾರು ದಿನ. ಮಾತು ಬಂದ ಮೇಲೆ ಅವಳು ನನ್ನ ಜೊತೆಯವಳನ್ನು ನೋಡಿ "ನಾನು ನಾಟಕ ಮಾಡಿರಲಿಲ್ಲ ಸಿಸ್ಟರ್" ಅಂದಳು.

ಬಯಲುಸೀಮೆ

ಓದಿ ಮೈ ಝುಮ್ ಅಂತು.

ಮೂರನೇ ಮಹಡಿ

ಎಚ್ಚರ ಎಷ್ಟಿದೆ ಅಂತ ಆಂಬುಲೆನ್ಸಿನವರು ಒಂದು ನಂಬರ್ ಹೇಳುತ್ತಾರಲ್ಲ, ಅದೇನು?

ಸೈರನ್

ಗ್ಲಾಸ್ಗೋ ಸ್ಕೇಲ್. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಇಬ್ಬರು ನ್ಯೂರೋ ಸರ್ಜನ್‌ಗಳು ಮಾಡಿದ್ದು. ಕಣ್ಣಿಗೆ 1ರಿಂದ 4, ಮಾತಿಗೆ 1ರಿಂದ 5, ಕೈಕಾಲಿಗೆ 1ರಿಂದ 6 ಅಂಕ. ಒಟ್ಟು 15 ಬಂದರೆ ಪೂರ್ತಿ ಎಚ್ಚರ, 3 ಅಂದರೆ ಏನೂ ಇಲ್ಲ. 8 ಅಥವಾ ಕಡಿಮೆ ಆದರೆ ತನ್ನ ಉಸಿರಿನ ದಾರಿ ತಾನೇ ಕಾಪಾಡಿಕೊಳ್ಳಲಾರ ಅಂತ ನಮಗೆ ಭಯ.

ಮಾತಿನ ಅಂಕ ಮಾತ್ರ ತಮಾಷೆ. ನಾನು ಹಾವೇರಿಯವನು. ಸ್ವಲ್ಪ ದಿನ ಕರಾವಳಿಯಲ್ಲಿ ಡ್ಯೂಟಿ ಇತ್ತು. ಒಬ್ಬ ಅಜ್ಜಿ ಏನು ಕೇಳಿದರೂ ಅರ್ಥವಾಗದ ಉತ್ತರ ಕೊಡುತ್ತಿದ್ದರು. "ಗೊಂದಲ" ಅಂತ ಬರೆಯುವುದರಲ್ಲಿದ್ದೆ. ಪಕ್ಕದ ಮನೆಯವರು ನಕ್ಕರು. ಅಜ್ಜಿ ತುಳು ಬಿಟ್ಟು ಬೇರೆ ಮಾತಾಡುವವರೇ ಅಲ್ಲ. ಇನ್ನೊಬ್ಬ ಅಜ್ಜನಿಗೆ ಇವತ್ತು ತಾರೀಕು ಎಷ್ಟು ಅಂದೆ. "ಮಹಾಲಯ ಅಮಾವಾಸ್ಯೆ ಆಗಿ ಮೂರು ದಿನ" ಅಂದರು. ಕ್ಯಾಲೆಂಡರ್ ನೋಡಿದೆ, ಸರಿಯಾಗಿತ್ತು. ತಾರೀಕು ನನಗೇ ನೆನಪಿರಲಿಲ್ಲ. ಅದಕ್ಕೆ ಮನೆಯವರನ್ನು ಕೇಳುತ್ತೇನೆ: ದಿನಾ ಇವರು ಹೇಗಿರುತ್ತಾರೆ? ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ? ವಯಸ್ಸಾಯ್ತು, ಅರಳು ಮರಳು ಅಂತ ತಳ್ಳಿಬಿಡಬೇಡಿ. ಅರಳು ಮರಳು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಒಂದೇ ರಾತ್ರಿಯಲ್ಲಿ ಬರುವುದು ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಹೋದ ವಾರ ಬಾತ್‌ರೂಮಿನಲ್ಲಿ ಬಿದ್ದು ತಲೆಯೊಳಗೆ ನಿಧಾನಕ್ಕೆ ಕೂಡಿಕೊಂಡ ರಕ್ತ.

ತೋಟದಮನೆ ಸೊಸೆ

ಇಷ್ಟೊಂದು ಜನ ಬರೆದಿರಿ, ಥ್ಯಾಂಕ್ಸ್. ಮಾವನ ಮಾತ್ರೆ ಬದಲಿಸಿದ್ದಾರೆ. ಏಕಾದಶಿ ಬಿಡುವುದಿಲ್ಲವಂತೆ, ಆದರೆ ಅವತ್ತು ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಿ ಬಂದಿದ್ದಾರೆ. ಒಂದೇ ಪ್ರಶ್ನೆ ಉಳಿದಿದೆ. ಮುಂದೆ ಹೀಗಾದರೆ ಜೋನಿಬೆಲ್ಲ ಕೊಡಲೋ ಬೇಡವೋ? ಅತ್ತೆಗೆ ಬಹಳ ಬೇಜಾರಾಗಿದೆ, ತಾನೇ ಕೆಡಿಸಿದೆ ಅಂತ.

ಸೈರನ್

ಅತ್ತೆಯವರ ಯೋಚನೆ ಸರಿ ಇತ್ತು, ಹೊತ್ತು ಮೀರಿತ್ತು ಅಷ್ಟೇ. ಕೂತು, ಲೋಟ ತಾವೇ ಹಿಡಿದು, ನುಂಗುವಷ್ಟು ಎಚ್ಚರ ಇದ್ದರೆ ತಕ್ಷಣ ಕೊಡಿ. ಮೂರು ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು, ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಸರಿ ಹೋದ ಮೇಲೆ ಊಟ. ಎಮ್ಮೆ ಕರೆಯುತ್ತಿದ್ದರಲ್ಲ, ಆಗ ಕೊಟ್ಟಿದ್ದರೆ ಕುಡಿಯುತ್ತಿದ್ದರೇನೋ. ವಾಲಿದ ಮೇಲೆ ಬಾಯಿಗೆ ಏನೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿಸಿ, ಫೋನ್ ಮಾಡಿ.

ಮತ್ತೆ, ಮಿಷನ್ ತಗೊಂಡಿರಾ?

ತೋಟದಮನೆ ಸೊಸೆ

ತಗೊಂಡೆವು. ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇವೆ.

ಸೈರನ್

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಹಾಕಿ. ನಿಮ್ಮ ಕಡೆ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ಬಾಯಿಗೆ ಬಂದ ನಂಬರ್ ತೋರಿಸುತ್ತದೆ. ಹಪ್ಪಳದ ಡಬ್ಬಿ ಹೇಗೆ ನೋಡಿಕೊಳ್ಳುತ್ತೀರೋ ಹಾಗೆ.